ಎಸ್ಟೇಟು: ನೆಲದ ಹೆಸರೋ, ಅಂತಸ್ತಿನ ಹೆಸರೋ

ಚಿಕ್ಕಮಗಳೂರಿನಿಂದ ಮೂಡಿಗೆರೆಗೂ, ಅಲ್ಲಿಂದ ಕೊಟ್ಟಿಗೆಹಾರವನ್ನು ಹಾದು ಕಳಸಕ್ಕೂ ಹೋಗುವ ಹಾದಿಯ ಇಕ್ಕೆಲಗಳಲ್ಲಿ, ಕಲ್ಲುಕಂಬಗಳಿಗೆ ಕೂಡಿಸಿದ ಕಬ್ಬಿಣದ ಗೇಟುಗಳ ಪಕ್ಕದಲ್ಲಿ, ಒಂದಾದಮೇಲೊಂದರಂತೆ ಕಾಣಸಿಗುವ ನಾಮಫಲಕಗಳನ್ನು ಓದುತ್ತ ಹೋಗುವವರಿಗೆ, ಮೊದಲಿನ ಮಾತು ಫಲಕದಿಂದ ಫಲಕಕ್ಕೆ ಬೇರೆಯಾಗುತ್ತ, ಒಂದೆಡೆ ಕುಲದೇವರ ಹೆಸರಾಗಿಯೂ ಮತ್ತೊಂದೆಡೆ ಹಳ್ಳದ ಅಥವಾ ಗುಡ್ಡದ ಹೆಸರಾಗಿಯೂ ಬರುತ್ತಿದ್ದರೂ, ಕೊನೆಯ ಮಾತು ಮಾತ್ರ ಎಲ್ಲಿಯೂ ಬದಲಾಗದೆ ನಿಂತಿರುವುದು ಗಮನಕ್ಕೆ ಬಾರದೆ ಇರದು. ಆ ಮಾತು ‘ಎಸ್ಟೇಟು’. ಬಸ್ಸಿನ ನಿಲ್ದಾಣಕ್ಕೆ ಅದೇ ಹೆಸರು, ಅಂಚೆಯ ವಿಳಾಸಕ್ಕೆ ಅದೇ ಹೆಸರು, ಮದುವೆಯ ಕರೆಯೋಲೆಯಲ್ಲಿ ವಧೂವರರ ತಂದೆತಾಯಿಗಳ ಹೆಸರಿನ ಕೆಳಗೆ ಅಚ್ಚಾಗುವುದೂ ಅದೇ. ಹಳಬರ ಬಾಯಲ್ಲಿ ‘ಇಸ್ಟೇಟು’ ಎಂದೂ, ಹೊಸಬರ ಬಾಯಲ್ಲಿ ‘ಎಸ್ಟೇಟ್’ ಎಂದೂ ಹೊರಡುವ ಈ ಮಾತು ವಿಭಕ್ತಿಪ್ರತ್ಯಯಗಳನ್ನೆಲ್ಲ ಧರಿಸಿ ‘ಎಸ್ಟೇಟಿಗೆ’, ‘ಎಸ್ಟೇಟಿಂದ’, ‘ಎಸ್ಟೇಟಿನೊಳಗೆ’ ಎಂದು ನಮ್ಮ ವ್ಯಾಕರಣದಲ್ಲಿ ಎಷ್ಟು ಸಲೀಸಾಗಿ ಒಗ್ಗಿಹೋಗಿದೆಯೆಂದರೆ, ಇದು ಹೊರಗಿನಿಂದ ಬಂದದ್ದೆಂಬ ಭಾವನೆಯೇ ಮಲೆನಾಡಿನವರಿಗೆ ಉಳಿದಿಲ್ಲ.

ಆದರೆ ಈ ಮಾತಿನ ಒಂದು ರೂಪವನ್ನು ಮಾತ್ರ ತುಸು ನಿಂತು ನೋಡಬೇಕು. ‘ಎಸ್ಟೇಟಿನವರು ಬಂದಿದ್ದರು’ ಎಂದು ಮೂಡಿಗೆರೆಯ ಪೇಟೆಯಲ್ಲಿ ಯಾರಾದರೂ ಹೇಳಿದರೆ, ಕೇಳಿದವರು ಯಜಮಾನನನ್ನೋ ಅವನ ಮನೆಯವರನ್ನೋ ನೆನೆಯುವರೇ ಹೊರತು, ಅದೇ ಎಸ್ಟೇಟಿನಲ್ಲಿ ಹುಟ್ಟಿ, ಅಲ್ಲಿಯೇ ಬೆಳೆದು, ಅಲ್ಲಿಯೇ ಮುದಿಯಾದ ಆಳನ್ನು ನೆನೆಯರು. ಅವನು ‘ಲೈನಿನವನು’, ಎಂದರೆ ಆಳುಗಳ ಸಾಲುಮನೆಯವನು. ಹಳ್ಳಿಯ ಹೆಸರಿಗೆ ‘-ನವರು’ ಎಂಬುದು ಸೇರಿದಾಗ ಆ ಊರಿನಲ್ಲಿ ವಾಸಿಸುವವರೆಲ್ಲರೂ ಅದರಲ್ಲಿ ಅಡಕವಾಗುವರು; ಎಸ್ಟೇಟಿಗೆ ಸೇರಿದಾಗ ಒಂದೇ ಮನೆತನ ಉಳಿಯುತ್ತದೆ. ಒಂದೇ ಪ್ರತ್ಯಯ ಎರಡು ಕಡೆ ಎರಡು ಬಗೆಯಾಗಿ ವರ್ತಿಸುವುದಕ್ಕೆ ಕಾರಣವು ಪ್ರತ್ಯಯದಲ್ಲಿಲ್ಲ, ಪ್ರಕೃತಿಯಲ್ಲಿದೆ. ಎಂದರೆ ‘ಎಸ್ಟೇಟು’ ಎಂಬ ಪದದ ಹೊಟ್ಟೆಯಲ್ಲಿಯೇ ಇದೆ ಎಂಬುದು ನನ್ನ ನಂಬಿಕೆ. ಅದನ್ನು ತೋರಿಸುವುದಕ್ಕೆ ಈ ಮಾತು ನಡೆದು ಬಂದ ದಾರಿಯನ್ನು ಒಮ್ಮೆ ಹಿಂದಕ್ಕೆ ನಡೆಯಬೇಕಾಗುತ್ತದೆ.

ಇಂಗ್ಲಿಷಿಗೆ ಈ ಪದವು ಬಂದದ್ದು ಹಳೆಯ ಫ್ರೆಂಚಿನಿಂದ, ಹದಿಮೂರನೆಯ ಶತಮಾನದಲ್ಲಿ. ಫ್ರೆಂಚರ ‘ಎಸ್ತಾತ್’ ಎಂಬ ರೂಪವು ಲ್ಯಾಟಿನ್ನಿನ ‘ಸ್ತಾತುಸ್’ ಎಂಬುದರಿಂದಲೂ, ಅದು ‘ನಿಲ್ಲು’ ಎಂಬ ಅರ್ಥದ ‘ಸ್ತಾರೆ’ ಎಂಬ ಕ್ರಿಯಾಪದದಿಂದಲೂ ಹುಟ್ಟಿದವು. ಲ್ಯಾಟಿನ್ನಿನ ಆ ಧಾತುವೂ ಸಂಸ್ಕೃತದ ‘ಸ್ಥಾ’ ಧಾತುವೂ ಒಂದೇ ಮೂಲದ ಎರಡು ಕವಲುಗಳೆಂಬುದು ಭಾಷಾಶಾಸ್ತ್ರಜ್ಞರಲ್ಲಿ ವಿವಾದವಿಲ್ಲದ ಸಂಗತಿ. ನಮ್ಮ ಧಾತುಪಾಠವು ಇದಕ್ಕೆ ಚಲನೆಯು ನಿಂತುಹೋಗುವುದೆಂಬ ಅರ್ಥವನ್ನು ಕೊಡುತ್ತದೆ. ಹೀಗಾಗಿ ಎಸ್ಟೇಟು ಎಂಬ ಮಾತು ನಮ್ಮ ಸ್ಥಾನ, ಸ್ಥಿತಿ, ಸ್ಥಾವರ, ಸಂಸ್ಥಾನ ಎಂಬ ಮಾತುಗಳಿಗೆ ದೂರದ ದಾಯಾದಿ. ಸಬ್‌ರಿಜಿಸ್ಟ್ರಾರರ ಕಚೇರಿಯಲ್ಲಿ ಕ್ರಯಪತ್ರವನ್ನು ಬರೆಯುವವರು ಎಸ್ಟೇಟನ್ನು ‘ಸ್ಥಿರಾಸ್ತಿ’ ಎಂದು ಕಾಣಿಸುವಾಗ, ತಮಗೆ ಅರಿವಿಲ್ಲದೆಯೇ, ಸಾವಿರಾರು ವರ್ಷಗಳ ಹಿಂದೆ ಬೇರೆಯಾದ ಎರಡು ಕವಲುಗಳನ್ನು ಒಂದೇ ಸಾಲಿನಲ್ಲಿ ಕೂಡಿಸಿರುತ್ತಾರೆ.

ಮೊದಲಿನ ಎಕಾರದ ವಿಷಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ಅದು ಕನ್ನಡಿಗರಿಗೆ ವಿಶೇಷವಾಗಿ ರುಚಿಸತಕ್ಕದ್ದು. ಪದದ ಆದಿಯಲ್ಲಿ ಸಕಾರದೊಡನೆ ಇನ್ನೊಂದು ವ್ಯಂಜನವು ಕೂಡಿ ಬಂದರೆ ಅದನ್ನು ನೇರವಾಗಿ ಉಚ್ಚರಿಸಲಾರದೆ, ಮುಂದೆ ಒಂದು ಸ್ವರವನ್ನು ಊರುಗೋಲಾಗಿ ಇಟ್ಟುಕೊಳ್ಳುವ ಅಭ್ಯಾಸವು ಹಳೆಯ ಫ್ರೆಂಚರಲ್ಲಿಯೂ ಸ್ಪೇನಿನವರಲ್ಲಿಯೂ ಇದ್ದಿತು. ನಮ್ಮ ಹಳ್ಳಿಗಳಲ್ಲಿ ಸ್ಕೂಲು ‘ಇಸ್ಕೂಲು’ ಆದದ್ದೂ, ಸ್ಟೇಷನ್ನು ‘ಇಸ್ಟೇಷನ್ನು’ ಆದದ್ದೂ, ಪ್ರಾಕೃತದಲ್ಲಿ ‘ಸ್ತ್ರೀ’ ಶಬ್ದವು ‘ಇತ್ಥೀ’ ಎಂದು ಮಾರ್ಪಟ್ಟದ್ದೂ ಇದೇ ನಿಯಮದಿಂದ. ಇಂಗ್ಲಿಷಿನವರು ಈ ಪದವನ್ನು ಸ್ವರದೊಡನೆ ಒಮ್ಮೆ, ಸ್ವರವಿಲ್ಲದೆ ಇನ್ನೊಮ್ಮೆ ಉಳಿಸಿಕೊಂಡರು. ಸ್ವರವಿದ್ದದ್ದು ‘ಎಸ್ಟೇಟ್’, ಸ್ವರ ಬಿದ್ದುಹೋದದ್ದು ‘ಸ್ಟೇಟ್’. ರಾಜ್ಯಕ್ಕೂ ಕಾಫಿತೋಟಕ್ಕೂ ಆ ಭಾಷೆಯಲ್ಲಿ ಒಂದೇ ಮಾತು ಎರಡು ವೇಷದಲ್ಲಿ ನಿಂತಿರುವುದು ಹೀಗೆ.

ಇಂಗ್ಲಿಷಿಗೆ ಬಂದ ಹೊಸತರಲ್ಲಿ ಎಸ್ಟೇಟು ಎಂದರೆ ನೆಲವಲ್ಲ, ಆಸ್ತಿಯಲ್ಲ. ಮನುಷ್ಯನು ಇರುವ ಸ್ಥಿತಿ ಅಥವಾ ಅವಸ್ಥೆ, ಅಷ್ಟೆ. ಹುಡುಗನು ಪ್ರಾಯಕ್ಕೆ ಬಂದರೆ ಪುರುಷನ ಎಸ್ಟೇಟನ್ನು ಮುಟ್ಟಿದನೆನ್ನುತ್ತಿದ್ದರು. ಇಗರ್ಜಿಯ ವಿವಾಹವಿಧಿಯಲ್ಲಿ ದಾಂಪತ್ಯವನ್ನು ಒಂದು ಪವಿತ್ರವಾದ ಎಸ್ಟೇಟೆಂದು ಇಂದಿಗೂ ಕರೆಯುವುದುಂಟು. ನಮ್ಮ ‘ಗೃಹಸ್ಥ’ ಎಂಬ ಮಾತಿನ ಕೊನೆಯಲ್ಲಿಯೂ ಅದೇ ಸ್ಥಾ ಧಾತುವು ಕುಳಿತಿರುವುದರಿಂದ, ಆಶ್ರಮವೆಂಬ ನಮ್ಮ ಕಲ್ಪನೆಗೆ ಇಂಗ್ಲಿಷಿನಲ್ಲಿ ಇಷ್ಟು ಹತ್ತಿರದ ಪದವು ಇನ್ನೊಂದಿಲ್ಲವೆಂದೇ ಹೇಳಬಹುದು. ಸ್ಥಿತಿಯಿಂದ ಅಂತಸ್ತಿಗೆ ಒಂದೇ ಹೆಜ್ಜೆ. ಮಧ್ಯಯುಗದ ಯುರೋಪಿನ ಸಮಾಜವನ್ನು ಪುರೋಹಿತವರ್ಗ, ಶ್ರೀಮಂತವರ್ಗ, ಸಾಮಾನ್ಯವರ್ಗವೆಂದು ಮೂರು ಎಸ್ಟೇಟುಗಳಾಗಿ ವಿಭಾಗಿಸಿದ್ದರು. 1789ರ ಮೇ 5ರಂದು ವರ್ಸೇಲ್ಸಿನಲ್ಲಿ ಫ್ರಾನ್ಸಿನ ದೊರೆಯು ಕೂಡಿಸಿದ ಸಭೆಯು ಈ ಮೂರು ಎಸ್ಟೇಟುಗಳ ಸಭೆಯೇ. ಅದರಲ್ಲಿ ಮೂರನೆಯದು ಜೂನ್ 17ರಂದು ತಾನೇ ರಾಷ್ಟ್ರಸಭೆಯೆಂದು ಸಾರಿಕೊಂಡಾಗ ಪ್ರಪಂಚದ ಚರಿತ್ರೆಯೇ ತಿರುಗಿತು. ಪತ್ರಿಕಾವೃತ್ತಿಯನ್ನು ‘ನಾಲ್ಕನೆಯ ಅಂಗ’ ಎಂದು ನಾವು ಕರೆಯುವುದೂ ಇದರಿಂದಲೇ ಬಂದದ್ದು. ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗಗಳ ಬಳಿಕ ನಾಲ್ಕನೆಯದೆಂದು ಈಗ ಎಲ್ಲರೂ ಎಣಿಸುವರಾದರೂ, ಮಾತು ಹುಟ್ಟಿದಾಗ ಎದುರಿಗಿದ್ದ ಮೂರು ಬೇರೆಯವೇ ಆಗಿದ್ದವು.

ಹಾಗಾದರೆ ಅಂತಸ್ತಿನ ಹೆಸರು ನೆಲಕ್ಕೆ ಅಂಟಿಕೊಂಡದ್ದು ಹೇಗೆ? ಇಂಗ್ಲೆಂಡಿನ ಹಳೆಯ ನ್ಯಾಯಶಾಸ್ತ್ರದ ಪ್ರಕಾರ ಭೂಮಿಯೆಲ್ಲವೂ ಅಂತಿಮವಾಗಿ ಅರಸನದು. ಉಳಿದವರೆಲ್ಲರೂ ಅವನಿಂದಲೋ ಅವನ ಕೆಳಗಿನವರಿಂದಲೋ ಅದನ್ನು ಹಿಡಿದುಕೊಂಡಿರುವವರೇ ಹೊರತು ಒಡೆಯರಲ್ಲ. ಹಾಗೆ ಹಿಡಿದವನಿಗೆ ಆ ನೆಲದಲ್ಲಿ ಎಷ್ಟು ಕಾಲದವರೆಗೆ, ಯಾವ ಬಗೆಯ ಹಕ್ಕಿನಿಂದ ನಿಲ್ಲುವ ಅಧಿಕಾರವಿದೆಯೋ ಅದು ಅವನ ಎಸ್ಟೇಟು. ಜೀವಮಾನದವರೆಗೆ ಮಾತ್ರ ಉಳಿಯುವ ಎಸ್ಟೇಟು ಒಂದು, ವಂಶಪಾರಂಪರ್ಯವಾಗಿ ಇಳಿಯುವ ಎಸ್ಟೇಟು ಇನ್ನೊಂದು. ಒಂದೇ ಹೊಲದ ಮೇಲೆ ಏಕಕಾಲದಲ್ಲಿ ಇಬ್ಬರಿಗೆ ಎರಡು ಎಸ್ಟೇಟುಗಳಿರುವುದಕ್ಕೂ ಅಡ್ಡಿಯಿಲ್ಲ. ಹಾಗೆಂದಮೇಲೆ ಎಸ್ಟೇಟೆಂಬುದು ಮಣ್ಣಿನ ಹೆಸರಲ್ಲ. ಆ ಮಣ್ಣಿನ ಮೇಲೆ ಒಬ್ಬನು ನಿಂತಿರುವ ನಿಲುವಿನ ಹೆಸರು. ಮಣ್ಣಿಗೇ ಆ ಹೆಸರು ಇಳಿದದ್ದು ಆಮೇಲೆ. ಹಳ್ಳಿಗಾಡಿನ ದೊಡ್ಡ ಜಮೀನನ್ನು ಮನೆಮಠ ಸಮೇತ ಎಸ್ಟೇಟೆಂದು ಕರೆಯುವ ವಾಡಿಕೆಯು ಹದಿನೆಂಟನೆಯ ಶತಮಾನದ ಹೊತ್ತಿಗೆ ನೆಲೆಗೊಂಡಿತ್ತು. ಸತ್ತವನು ಬಿಟ್ಟುಹೋದ ಸ್ವತ್ತನ್ನೆಲ್ಲ ಎಸ್ಟೇಟೆನ್ನುವುದೂ ಇದರ ಕವಲೇ. ನಮ್ಮ ದೇಶದಲ್ಲಿಯೂ 1953ರಲ್ಲಿ ಬಂದು 1985ರಲ್ಲಿ ರದ್ದಾದ ಮರಣಾನಂತರದ ಆಸ್ತಿತೆರಿಗೆಗೆ ಎಸ್ಟೇಟ್ ಡ್ಯೂಟಿಯೆಂದೇ ಹೆಸರಿತ್ತು. ಇನ್ನು ಪಟ್ಟಣಗಳಲ್ಲಿ ಕೇಳಿಬರುವ ‘ರಿಯಲ್ ಎಸ್ಟೇಟ್’ ಎಂಬುದರಲ್ಲಿನ ‘ರಿಯಲ್’ಗೆ ನಿಜವೆಂದಾಗಲಿ ರಾಜನಿಗೆ ಸೇರಿದ್ದೆಂದಾಗಲಿ ಅರ್ಥವಲ್ಲ, ಲ್ಯಾಟಿನ್ನಿನಲ್ಲಿ ವಸ್ತುವೆಂಬ ಅರ್ಥದ ‘ರೇಸ್’ ಎಂಬುದರಿಂದ ಅದು ಬಂದಿತು.

ಕನ್ನಡದಲ್ಲಿ ಆಸ್ತಿಗಿರುವ ಮಾತುಗಳ ಸ್ವಭಾವವೇ ಬೇರೆ. ‘ಆಸ್ತಿ’ಯು ಸಂಸ್ಕೃತದ ‘ಅಸ್ತಿ’, ಎಂದರೆ ‘ಇದೆ’ ಎಂಬುದರಿಂದ ಬಂದದ್ದು. ‘ಹಿಡುವಳಿ’ಯು ಹಿಡಿಯುವುದರಿಂದ ಬಂದದ್ದು. ಇವೆಲ್ಲಕ್ಕಿಂತ ನನಗೆ ಪ್ರಿಯವಾದದ್ದು ‘ಬದುಕು’ ಎಂಬ ಅಚ್ಚಗನ್ನಡದ ಮಾತು; ಜೀವನಕ್ಕೂ ಸ್ವತ್ತಿಗೂ ಹಿಂದಿನವರು ಅದೊಂದನ್ನೇ ಬಳಸುತ್ತಿದ್ದರು, ಈಗಲೂ ಹಳ್ಳಿಯ ಕಡೆ ಬಳಸುವವರಿದ್ದಾರೆ. ಯಾವ ನೆಲದಿಂದ ಬದುಕುವೆವೋ ಅದು ಬದುಕು. ಈ ಮಾತಿನಲ್ಲಿ ಅಂತಸ್ತಿನ ಸೋಂಕಿಲ್ಲ.

ನಮ್ಮ ಗುಡ್ಡಗಳಿಗೆ ಕಾಫಿಯು ಬಂದಾಗ ಎಸ್ಟೇಟೆಂಬ ಮಾತು ಅದರೊಡನೆ ಬರಲಿಲ್ಲ. ಬಾಬಾಬುಡನರು ಅರಬಸ್ಥಾನದಿಂದ ಏಳು ಬೀಜಗಳನ್ನು ತಂದು ಚಂದ್ರದ್ರೋಣಪರ್ವತದಲ್ಲಿ ಊರಿದರೆಂಬ ಐತಿಹ್ಯವನ್ನು ಎಲ್ಲರೂ ಬಲ್ಲರು. ಅನಂತರದ ದೀರ್ಘಕಾಲ ಕಾಫಿಯು ಹಳ್ಳಿಗರ ಹಿತ್ತಿಲಿನ ಗಿಡವಾಗಿಯೇ ಇದ್ದು, ಸರಕಾರವು ಫಸಲಿನಲ್ಲಿ ಪಾಲನ್ನೋ, ‘ಹಾಲತ್’ ಎಂಬ ಸುಂಕವನ್ನೋ ಎತ್ತುತ್ತಿತ್ತು. 1830ರ ಸುಮಾರಿಗೆ ಕ್ಯಾನನ್ ಎಂಬ ಇಂಗ್ಲಿಷರವನು ಚಿಕ್ಕಮಗಳೂರಿನ ಬಳಿ ಕಾಡನ್ನು ತೆಗೆದು ಕಾಫಿಯನ್ನು ವಿಸ್ತಾರವಾಗಿ ನೆಟ್ಟಮೇಲೆ, ಹಿಂದೆಯೇ ಬಂದ ಬಿಳಿಯ ತೋಟಗಾರರು ಮೂಡಿಗೆರೆಯ ಕಡೆಗೂ ದಕ್ಷಿಣಕ್ಕೆ ಮಂಜರಾಬಾದಿನ ಕಡೆಗೂ ಹರಡಿದರು. ಮಂಜರಾಬಾದಿನಲ್ಲಿ ತೋಟ ಮಾಡಿದ ರಾಬರ್ಟ್ ಎಚ್. ಎಲಿಯಟ್ ಎಂಬಾತನು 1871ರಲ್ಲಿಯೂ 1894ರಲ್ಲಿಯೂ ಮೈಸೂರು ಸೀಮೆಯ ಕಾಫಿ ಬೇಸಾಯವನ್ನು ಕುರಿತು ಗ್ರಂಥಗಳನ್ನು ಬರೆದನು. ಇವರ ಭಾಷೆಯಲ್ಲಿ ಎರಡು ಮಾತುಗಳು ಜೋಡಿಯಾಗಿ ನಡೆಯುತ್ತಿದ್ದವು. ‘ಪ್ಲಾಂಟೇಷನ್’ ಎಂಬುದು ಗಿಡ ನೆಟ್ಟದ್ದನ್ನು ಹೇಳುತ್ತಿತ್ತು. ಹದಿನೇಳನೆಯ ಶತಮಾನದಲ್ಲಿ ಐರ್ಲೆಂಡಿನಲ್ಲಿಯೂ ಅಮೆರಿಕದ ವರ್ಜಿನಿಯಾದಲ್ಲಿಯೂ ಹೊರಗಿನ ಜನರನ್ನೇ ತಂದು ನೆಲೆಗೊಳಿಸಿದ ವಸಾಹತುಗಳಿಗೂ ಅದೇ ಹೆಸರಿತ್ತೆಂಬುದು ನೆನಪಿನಲ್ಲಿಡತಕ್ಕದ್ದು. ‘ಎಸ್ಟೇಟ್’ ಎಂಬುದು ಹಾಗೆ ನೆಟ್ಟವನ ಹಕ್ಕನ್ನೂ ಗೌರವವನ್ನೂ ಹೇಳುತ್ತಿತ್ತು. ಮೊದಲನೆಯ ಮಾತು ಕಾನೂನಿನ ಪುಸ್ತಕಗಳಲ್ಲಿಯೂ, ಪಲ್ಪ್ ಮಾಡಿ ತೊಳೆದು ಒಣಗಿಸಿದ ಅರೇಬಿಕಾಕ್ಕೆ ‘ಪ್ಲಾಂಟೇಷನ್ ಎ’, ‘ಪ್ಲಾಂಟೇಷನ್ ಬಿ’ ಎಂದು ದರ್ಜೆ ಹೇಳುವ ವ್ಯಾಪಾರಿಗಳಲ್ಲಿಯೂ ಉಳಿಯಿತು. ಎರಡನೆಯದು ಜನರ ನಾಲಗೆಯಲ್ಲಿ ಕುಳಿತಿತು. ನಮ್ಮವರು ಆರಿಸಿಕೊಂಡದ್ದು ಗಿಡದ ಮಾತನ್ನಲ್ಲ, ಅಂತಸ್ತಿನ ಮಾತನ್ನು.

ಆದರೂ ಬಿಳಿಯರ ಕಾಗದಪತ್ರಗಳಲ್ಲಿ ಕನ್ನಡವು ಪೂರ್ತಿಯಾಗಿ ಅಳಿಯಲಿಲ್ಲ. ಎಲೆತುಕ್ಕು ರೋಗಕ್ಕೆ ಜಗ್ಗದ ಗಿಡವೊಂದನ್ನು 1911ರಲ್ಲಿ ಕೆಂಟ್ ಎಂಬ ತೋಟಗಾರನು ಆರಿಸಿ ಬೆಳೆಸಿದ್ದು ದೊಡ್ಡನಗುಡ್ಡವೆಂಬ ನಮ್ಮ ಸೀಮೆಯ ಎಸ್ಟೇಟಿನಲ್ಲಿ. ಅವನ ಹೆಸರನ್ನೇ ಹೊತ್ತ ಆ ತಳಿಯು ಮೈಸೂರು ಸೀಮೆಯನ್ನು ದಾಟಿ ಆಫ್ರಿಕದ ತೋಟಗಳಿಗೂ ಹೋಯಿತು. ಬಾಳೆಹೊನ್ನೂರಿನ ಬಳಿ 1925ರಲ್ಲಿ ಆರಂಭವಾದ ಸಂಶೋಧನಾಕೇಂದ್ರದಲ್ಲಿ ಮುಂದೆ ಸಿದ್ಧವಾಗಿ ಇಂದಿಗೂ ನಮ್ಮ ಅರೇಬಿಕಾ ತೋಟಗಳಲ್ಲಿ ಬಹುವಾಗಿ ಕಾಣುವ ಎಸ್. 795 ಎಂಬ ತಳಿಗೆ ಇದೇ ಕೆಂಟ್ ಒಂದು ಕಡೆಯ ಬೀಜವನ್ನು ಒದಗಿಸಿತು. ಕಾಫಿಯ ಶಾಸ್ತ್ರಗ್ರಂಥಗಳಲ್ಲಿ ಆ ಎಸ್ಟೇಟಿನ ಹೆಸರು ಬಗೆಬಗೆಯ ಇಂಗ್ಲಿಷ್ ಕಾಗುಣಿತದಲ್ಲಿ ಸೊಟ್ಟಗಾಗಿ ಅಚ್ಚಾಗಿದ್ದರೂ, ಕಿವಿಗೊಟ್ಟು ಓದಿದವರಿಗೆ ಅದರಲ್ಲಿ ನಮ್ಮ ಗುಡ್ಡವು ಕೇಳಿಸದೆ ಇರದು.

ಕಳಸದ ಕಡೆಗೆ ಬಂದರೆ ಮಾತಿನ ಬಳಕೆ ಬೇರೆಯಾಗುತ್ತದೆ. ಭದ್ರೆಯ ಕಣಿವೆಯ ಆ ಸೀಮೆಯಲ್ಲಿ ‘ತೋಟ’ವೆಂದು ಬರಿದೆ ಹೇಳಿದರೆ ಅಡಕೆಯ ತೋಟವೆಂದೇ ಅರ್ಥ. ಅದು ತಗ್ಗಿನಲ್ಲಿ, ನೀರಿನ ಬದಿಯಲ್ಲಿ, ಮನೆಗೆ ಕೂಗಳತೆಯಲ್ಲಿ ಇರತಕ್ಕದ್ದು; ಮನೆಯವರೇ ಗೊನೆ ಕೊಯ್ಲಿಗೂ ಸೊಪ್ಪು ಹಾಕುವುದಕ್ಕೂ ನಿಲ್ಲತಕ್ಕದ್ದು. ಮೇಲಿನ ಇಳಿಜಾರಿನಲ್ಲಿ ಮರದ ನೆರಳಿಗೆ ಕಾಫಿಯನ್ನಿಟ್ಟರೂ ಅದು ‘ಕಾಫಿತೋಟ’ವೇ. ಮೂಡಿಗೆರೆಯ ಸುತ್ತಿನಲ್ಲಿಯೂ ಹತ್ತು ಎಕರೆಯವನು ತನ್ನದನ್ನು ತೋಟವೆನ್ನುವನು, ನೂರು ಎಕರೆಯವನದು ಎಸ್ಟೇಟೆನ್ನಿಸಿಕೊಳ್ಳುವುದು. ಎಲ್ಲಿ ತೋಟವು ಮುಗಿದು ಎಲ್ಲಿ ಎಸ್ಟೇಟು ಆರಂಭವಾಗುವುದೆಂದು ಯಾರನ್ನು ಕೇಳಿದರೂ ಎಕರೆಯ ಲೆಕ್ಕವನ್ನು ಹೇಳಲಾರರು. ಲೆಕ್ಕ ಬರೆಯುವ ರೈಟರು ಇದ್ದಾನೆಯೆ, ಬಂಗಲೆ ಇದೆಯೆ, ಲೈನು ಇದೆಯೆ ಎಂದು ಕೇಳುವರು. ಹತ್ತು ಹೆಕ್ಟೇರಿಗಿಂತ ಕಡಮೆಯಿದ್ದವರನ್ನು ಕಾಫಿಬೋರ್ಡು ಸಣ್ಣ ಬೆಳೆಗಾರರೆಂದು ಎಣಿಸುತ್ತದೆ. ದೇಶದ ಕಾಫಿ ಹಿಡುವಳಿಗಳಲ್ಲಿ 100ಕ್ಕೆ 95ಕ್ಕಿಂತ ಹೆಚ್ಚಿನವು ಇವರವೇ. ಹಾಗಾದರೆ ಈ ಗುಡ್ಡಗಳನ್ನು ಎಸ್ಟೇಟುಗಳ ನಾಡೆಂದು ಹೊರಗಿನವರು ವರ್ಣಿಸುವುದು ಹಿಡುವಳಿಗಳ ಸಂಖ್ಯೆಯಿಂದ ನೋಡಿದರೆ ಸರಿಯಲ್ಲ. ಇದು ಮೊದಲಿಗೆ ತೋಟಗಳ ನಾಡು.

ಲೈನೆಂಬ ಮಾತನ್ನು ಬಿಟ್ಟು ಎಸ್ಟೇಟಿನ ಕಥೆಯನ್ನು ಹೇಳುವುದು ನ್ಯಾಯವಾಗದು. ದಂಡಿನ ಪಾಳೆಯದಲ್ಲಿ ಸಾಲುಸಾಲಾಗಿ ಕಟ್ಟುತ್ತಿದ್ದ ಸಿಪಾಯಿಗಳ ವಸತಿಗೆ ಇಂಗ್ಲಿಷಿನಲ್ಲಿ ಲೈನೆಂದು ಹೆಸರು. ಘಟ್ಟದ ಕೆಳಗಿನಿಂದಲೂ ಬಯಲುಸೀಮೆಯಿಂದಲೂ ತಮಿಳು ಸೀಮೆಯಿಂದಲೂ ಮೇಸ್ತ್ರಿಗಳು ಮುಂಗಡ ಕೊಟ್ಟು ಕರೆತಂದ ಆಳುಗಳಿಗೆ ತೋಟಗಾರರು ಅದೇ ಮಾದರಿಯಲ್ಲಿ ಮನೆಗಳನ್ನು ಕಟ್ಟಿ ಅದೇ ಹೆಸರನ್ನಿಟ್ಟರು. ಬೆಳಗಿನ ಹೊತ್ತು ಎಸ್ಟೇಟಿನ ಹಾಜರಿಯನ್ನು ಒಮ್ಮೆ ನೋಡಬೇಕು. ಕಾಫಿ ಒಣಗಿಸುವ ಕಣದ ಅಂಚಿನಲ್ಲಿ, ತಲೆಗೆ ಬಟ್ಟೆ ಬಿಗಿದು ಕತ್ತಿ ಹಿಡಿದ ಹೆಂಗಸರೂ ಗಂಡಸರೂ ಸಾಲಾಗಿ ನಿಂತಿರಲು, ರೈಟರು ಉದ್ದನೆಯ ಚೆಕ್‌ರೋಲನ್ನು ತೊಡೆಯ ಮೇಲೆ ಹರಡಿಕೊಂಡು ಹೆಸರು ಕೂಗುತ್ತಾನೆ. ಹೆಸರಿನ ಎದುರಿಗೆ ಗೀಟು ಬಿದ್ದಮೇಲೆ ಮೇಸ್ತ್ರಿಯು ಇಂದು ಮರಗಸಿ ಯಾರಿಗೆ, ಚಿಗುರು ತೆಗೆಯುವುದು ಯಾರಿಗೆ, ಕಳೆ ಕೊಚ್ಚುವುದು ಯಾರಿಗೆ ಎಂದು ಹಂಚುತ್ತ, ಯಾರು ಎಲ್ಲಿಗೆ ಹೋಗಬೇಕೆಂಬುದನ್ನೂ ಹೇಳುತ್ತಾನೆ. ಅವನು ಸರ್ವೆ ನಂಬರನ್ನು ಹೇಳುವುದಿಲ್ಲ. ಬೈನೆಮರದ ಹಕ್ಕಲು, ಚೌಡಿಬನದ ಮೇಲು, ಕೆಳಹಡ್ಲು, ಹಳೇಕಣದ ಹಿಂದು ಎಂಬಂಥ ಹೆಸರುಗಳನ್ನು ಹೇಳುತ್ತಾನೆ, ಜನರು ದಾರಿ ಕೇಳದೆ ನಡೆಯುತ್ತಾರೆ. ಗೇಟಿನ ಮೇಲಿನ ಫಲಕವು ಒಂದೇ ಹೆಸರನ್ನು ಹೇಳಿದರೆ, ಒಳಗೆ ದುಡಿಯುವವರ ನಾಲಗೆಯಲ್ಲಿ ಆ ನೆಲಕ್ಕೆ ಹತ್ತಾರು ಹೆಸರುಗಳಿವೆ. ಅವುಗಳಲ್ಲಿ ಬಹುಪಾಲು ಎಸ್ಟೇಟಿಗಿಂತಲೂ ಹಳೆಯವು.

ಈ ಜನರಿಗೆ ವಾಸಕ್ಕೆ ಮನೆ, ಕುಡಿಯಲು ನೀರು, ಔಷಧೋಪಚಾರ, ಕೂಸುಗಳಿಗೆ ಶಿಶುವಿಹಾರ ಇವುಗಳನ್ನು ಒದಗಿಸುವ ಹೊಣೆಯನ್ನು ಮಾಲೀಕರ ಮೇಲೆ ಹೊರಿಸಿದ್ದು 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯಿದೆ. ಮೊದಲು 25 ಎಕರೆಯೂ 30 ಆಳುಗಳೂ ಇದ್ದ ತೋಟಗಳಿಗೆ ಅನ್ವಯಿಸುತ್ತಿದ್ದ ಅದು, ತಿದ್ದುಪಡಿಯಾದ ಮೇಲೆ 5 ಹೆಕ್ಟೇರೂ 15 ಆಳುಗಳೂ ಇದ್ದವುಗಳಿಗೆ ಅನ್ವಯಿಸಿತು. ಕಾಯಿದೆಯು ಮನೆಯನ್ನು ಕೊಡಿಸಿತು, ನಿಲುವನ್ನು ಕೊಡಿಸಲಿಲ್ಲ. ಕೆಲಸವು ನಿಂತ ದಿನ ಮನೆಯ ಹಕ್ಕೂ ನಿಲ್ಲುವುದರಿಂದ, ಎರಡು ಮೂರು ತಲೆಮಾರು ಒಂದೇ ಲೈನಿನಲ್ಲಿ ಕಳೆದ ಕುಟುಂಬಗಳಿಗೂ ಆ ಎಸ್ಟೇಟಿನಲ್ಲಿ ಎಸ್ಟೇಟಿಲ್ಲ. ಪದದ ಮೂಲಾರ್ಥದಲ್ಲಿಯೇ ಇದನ್ನು ಹೇಳುತ್ತಿದ್ದೇನೆ. ಇಂಗ್ಲೆಂಡಿನಲ್ಲಾದರೋ ಈ ಮಾತು ಬೇರೊಂದು ತಿರುವನ್ನು ಪಡೆದು, ನಗರಸಭೆಗಳು ಬಡವರಿಗಾಗಿ ಕಟ್ಟಿಸಿದ ಮನೆಗಳ ಬಡಾವಣೆಗೆ ಹೆಸರಾಗಿದೆ. ಅಲ್ಲಿ ಎಸ್ಟೇಟಿನಲ್ಲಿ ಬೆಳೆದವನೆಂದರೆ ಬಡವರ ಮಗನೆಂದು ತಿಳಿಯುವರು; ಇಲ್ಲಿ ಅದೇ ಮಾತಿಗೆ ಧಣಿಯ ಮಗನೆಂದು ಅರ್ಥ.

ಎಸ್ಟೇಟೆಂದರೇನೆಂಬ ಪ್ರಶ್ನೆಯು ದೆಹಲಿಯ ಸರ್ವೋಚ್ಚ ನ್ಯಾಯಾಲಯದವರೆಗೆ ಹೋದದ್ದುಂಟು. ಹೊತ್ತುಕೊಂಡು ಹೋದವರು ಕನ್ನಡಿಗರಿಗೆ ಹತ್ತಿರದ ಕಾಸರಗೋಡು ಸೀಮೆಯವರು. ಜಮೀನುದಾರಿಯನ್ನು ತೆಗೆದುಹಾಕುವ ಕಾನೂನುಗಳು ಮೂಲಭೂತ ಹಕ್ಕುಗಳಿಗೆ ಸಿಕ್ಕಿ ಮುರಿದುಬೀಳದಂತೆ ಕಾಪಾಡಲು 1951ರ ಮೊದಲನೆಯ ತಿದ್ದುಪಡಿಯು ರಾಜ್ಯಾಂಗಕ್ಕೆ 31ಎ ಎಂಬ ವಿಧಿಯನ್ನು ಸೇರಿಸಿತು. ಆ ರಕ್ಷಣೆಯು ‘ಎಸ್ಟೇಟು’ಗಳನ್ನು ವಶಪಡಿಸಿಕೊಳ್ಳುವ ಕಾನೂನುಗಳಿಗೆ ಮಾತ್ರ, ಎಸ್ಟೇಟೆಂಬುದಕ್ಕೆ ಆಯಾ ಪ್ರದೇಶದ ಭೂಕಾನೂನಿನಲ್ಲಿ ಯಾವ ಅರ್ಥವಿದೆಯೋ ಅದೇ ಅರ್ಥ. ಅಲ್ಲಿ ತೊಡಕು ಹುಟ್ಟಿತು. ಧಾರವಾಡ, ಬೆಳಗಾಂವಿ, ವಿಜಾಪುರಗಳಲ್ಲಿ ನಡೆಯುತ್ತಿದ್ದ ಮುಂಬಯಿಯ 1879ರ ಭೂಕಂದಾಯ ಸಂಹಿತೆಯು ನೆಲದಲ್ಲಿನ ಯಾವುದೇ ಹಿತಾಸಕ್ತಿಯನ್ನು ಎಸ್ಟೇಟೆಂದು ಕರೆದಿದ್ದಿತು. ಆ ಲೆಕ್ಕದಲ್ಲಿ ನಾಲ್ಕು ಎಕರೆ ಜೋಳದ ಹೊಲವೂ ಎಸ್ಟೇಟೇ. ಮದರಾಸು ಪ್ರಾಂತದಲ್ಲಾದರೋ ಎಸ್ಟೇಟೆಂದರೆ ಜಮೀನುದಾರಿಯೂ ಅದರಂಥವುಗಳೂ ಮಾತ್ರ. ರೈತನು ನೇರವಾಗಿ ಸರಕಾರಕ್ಕೆ ಕಂದಾಯ ಕಟ್ಟುವ ರೈತವಾರಿ ನೆಲವು ಎಸ್ಟೇಟಲ್ಲ. ಆ ಪ್ರಾಂತದಲ್ಲಿದ್ದ ದಕ್ಷಿಣ ಕನ್ನಡವು ರೈತವಾರಿ ಜಿಲ್ಲೆ. ಅದರ ಕಾಸರಗೋಡು ತಾಲ್ಲೂಕು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿ, ಮುಂದೆ ಕಾಸರಗೋಡು ಮತ್ತು ಹೊಸದುರ್ಗವೆಂದು ಎರಡು ತಾಲ್ಲೂಕುಗಳಾಯಿತು. ಕೇರಳದ ಭೂಸುಧಾರಣೆಯ ಕಾಯಿದೆಯು ಅಲ್ಲಿಗೆ ಬಂದಾಗ, ಅಡಕೆ ಮತ್ತು ಮೆಣಸಿನ ತೋಟಗಳನ್ನುಳ್ಳ ಆ ತಾಲ್ಲೂಕುಗಳವರು, ತಮ್ಮ ನೆಲವು ರಾಜ್ಯಾಂಗದ ಅರ್ಥದಲ್ಲಿ ಎಸ್ಟೇಟೇ ಅಲ್ಲವೆಂದೂ, ಆದುದರಿಂದ ಕಾಯಿದೆಗೆ ಆ ವಿಧಿಯ ರಕ್ಷಣೆಯಿಲ್ಲವೆಂದೂ ವಾದಿಸಿದರು.

1961ರ ಡಿಸೆಂಬರಿನಲ್ಲಿ ನ್ಯಾಯಾಲಯವು ಅವರ ವಾದವನ್ನು ಎತ್ತಿಹಿಡಿದು, ಆ ಎರಡು ತಾಲ್ಲೂಕುಗಳ ರೈತವಾರಿ ನೆಲಗಳ ಮಟ್ಟಿಗೆ ಕಾಯಿದೆಯನ್ನು ಅಸಿಂಧುವೆಂದು ಸಾರಿತು. ತೀರ್ಪಿನ ಇನ್ನೊಂದು ಭಾಗವು ನಮ್ಮ ಗುಡ್ಡದವರಿಗೆ ಇನ್ನೂ ಹತ್ತಿರದ್ದು. ಚಹಾ, ಕಾಫಿ, ರಬ್ಬರು ತೋಟಗಳಿಗೆ ಆ ಕಾಯಿದೆಯಲ್ಲಿ ವಿನಾಯಿತಿಯಿದ್ದು ಅಡಕೆ ಮೆಣಸುಗಳ ತೋಟಗಳಿಗೆ ಇಲ್ಲದಿರುವುದು ಸಮಾನತೆಗೆ ವಿರುದ್ಧವಾದ ಭೇದವೆಂದು ನ್ಯಾಯಾಧೀಶರು ಹೇಳಿದರು. ದೊರೆಗಳ ಬೆಳೆಗೊಂದು ಅಂತಸ್ತು, ಊರವರ ಬೆಳೆಗೊಂದು ಅಂತಸ್ತು ಎಂಬ ಹಳೆಯ ಎಣಿಕೆಯು ಕಾನೂನಿನ ಪಟ್ಟಿಯಲ್ಲಿ ಅಡಗಿ ಕುಳಿತಿದ್ದುದನ್ನು ಆ ತೀರ್ಪು ಬೆಳಕಿಗೆ ತಂದಿತೆಂದೇ ನಾನು ತಿಳಿಯುತ್ತೇನೆ. ಸಂಸತ್ತು ಸುಮ್ಮನಿರಲಿಲ್ಲ. 1964ರ ಹದಿನೇಳನೆಯ ತಿದ್ದುಪಡಿಯಿಂದ ರೈತವಾರಿ ನೆಲವನ್ನೂ, ಬೇಸಾಯಕ್ಕಾಗಿ ಹಿಡಿದ ಇತರ ನೆಲವನ್ನೂ ಎಸ್ಟೇಟೆಂಬ ಪದದೊಳಗೆ ತಂದಿತು. ಒಂದು ಮಾತಿನ ಅರ್ಥವನ್ನು ಹಿಗ್ಗಿಸುವುದಕ್ಕಾಗಿ ರಾಜ್ಯಾಂಗವನ್ನೇ ತಿದ್ದಬೇಕಾಯಿತು.

ಕರ್ನಾಟಕದ ಭೂಸುಧಾರಣೆಯಲ್ಲಿಯೂ ಬೆಳೆಗಳ ಈ ತರತಮವು ಉಳಿದಿತ್ತು. 1961ರ ಕಾಯಿದೆಯು 1974ರ ತಿದ್ದುಪಡಿಯಿಂದ ಬಲಗೊಂಡು ಗೇಣಿದಾರನನ್ನು ಗದ್ದೆಗೆ ಒಡೆಯನನ್ನಾಗಿ ಮಾಡಿತು. ಮಲೆನಾಡಿನಲ್ಲಿ ಅದು ತಂದ ಬದಲಾವಣೆಯನ್ನು ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ಆದರೆ ಹಿಡುವಳಿಗೆ ಗರಿಷ್ಠ ಮಿತಿಯನ್ನು ವಿಧಿಸಿದ ಕಲಮು ಪ್ಲಾಂಟೇಷನ್ನುಗಳಿಗೆ ಅನ್ವಯಿಸದೆಂದು 104ನೆಯ ಕಲಮು ಹೇಳಿತು. ಕಾಫಿ, ಚಹಾ, ರಬ್ಬರು, ಏಲಕ್ಕಿ, ಮೆಣಸು ಮೊದಲಾದುವು ಆ ಪಟ್ಟಿಯಲ್ಲಿವೆ, ಅಡಕೆ ಇಲ್ಲ. ಕಳಸದ ಒಂದೇ ಇಳಿಜಾರಿನಲ್ಲಿ ಮೇಲಿನ ಕಾಫಿಗೆ ಒಂದು ಕಾನೂನು, ಕೆಳಗಿನ ಅಡಕೆಗೆ ಇನ್ನೊಂದು.

ಎಸ್ಟೇಟಿನ ಹೆಸರು ಕೆಲವು ದಶಕಗಳ ಕಾಲ ಮಾರುಕಟ್ಟೆಯಿಂದ ಮರೆಯಾಗಿದ್ದುದೂ ಉಂಟು. ಮಹಾಯುದ್ಧದಿಂದ ಯುರೋಪಿನ ಮಾರುಕಟ್ಟೆ ಮುಚ್ಚಿಹೋದಾಗ ಬೆಳೆಗಾರರನ್ನು ಉಳಿಸಲು ಬಂದ 1942ರ ಕಾಯಿದೆಯಂತೆ, ಎಲ್ಲರ ಕಾಫಿಯೂ ಕಾಫಿಬೋರ್ಡಿನ ಪೂಲಿಗೆ ಸೇರಬೇಕಾಗಿತ್ತು. ಅಲ್ಲಿ ದರ್ಜೆಯ ಲೆಕ್ಕದಲ್ಲಿ ಹಣ ಬರುತ್ತಿತ್ತೇ ಹೊರತು, ಯಾರ ತೋಟದ ಬೀಜ ಯಾರ ಬಟ್ಟಲಿಗೆ ಹೋಯಿತೆಂದು ತಿಳಿಯುವಂತಿರಲಿಲ್ಲ. 1996ರಲ್ಲಿ ಬೆಳೆಗಾರರಿಗೆ ಮಾರಾಟದ ಪೂರ್ಣ ಸ್ವಾತಂತ್ರ್ಯವು ಬಂದಮೇಲೆ ಎಸ್ಟೇಟಿನ ಹೆಸರು ಪೊಟ್ಟಣದ ಮೇಲಕ್ಕೆ ಬಂದಿತು. ಒಂದೇ ತೋಟದ ಬೀಜವೆಂಬ ಹೆಮ್ಮೆಯಿಂದ ‘ಸಿಂಗಲ್ ಎಸ್ಟೇಟ್’ ಎಂಬ ಮುದ್ರೆಯು ಬಿದ್ದಿತು. 2019ರಲ್ಲಿ ಚಿಕ್ಕಮಗಳೂರು ಅರೇಬಿಕಾಕ್ಕೂ ಬಾಬಾಬುಡನ್‌ಗಿರಿ ಅರೇಬಿಕಾಕ್ಕೂ ಭೌಗೋಳಿಕ ಸೂಚಕದ ಮಾನ್ಯತೆಯು ದೊರೆಯಿತು. ಎಸ್ಟೇಟಿನ ಮುದ್ರೆ, ಭೌಗೋಳಿಕ ಸೂಚಕ ಈ ಎರಡರಲ್ಲಿ ಸೂಚಕವೇ ನನಗೆ ಮೇಲಾಗಿ ತೋರುತ್ತದೆ. ಸೂಚಕವು ಗುಡ್ಡದ ಹೆಸರನ್ನು ಹೇಳುವುದರಿಂದ, ಆ ಗುಡ್ಡದಲ್ಲಿ ಎರಡು ಎಕರೆಯಿದ್ದವನಿಗೂ ಅದರಲ್ಲಿ ಪಾಲುಂಟು.

ಎಸ್ಟೇಟೆಂಬ ಮಾತನ್ನು ಬಿಡಬೇಕೆಂದು ನಾನು ಹೇಳುವುದಿಲ್ಲ. ನಾಲಗೆಯಲ್ಲಿ ಬೇರೂರಿದ ಮಾತನ್ನು ಕೀಳುವುದು ಆಗದ ಕೆಲಸ, ಬೇಡದ ಕೆಲಸ. ಅದು ನೆಲದ ಹೆಸರಾಗಿ ತೋರಿದರೂ ಹುಟ್ಟಿನಿಂದ ಅಂತಸ್ತಿನ ಹೆಸರೆಂಬ ಅರಿವಿದ್ದರೆ ಸಾಕು. ಅದರ ಕೆಳಗೆ ಮುಚ್ಚಿಹೋಗುತ್ತಿರುವ ಹಕ್ಕಲು, ಹಡ್ಲು, ಬನ, ಕಾನುಗಳ ಹೆಸರುಗಳಿಗೆ ಈಗ ಗಮನ ಸಲ್ಲಬೇಕು. ಲೈನುಗಳಲ್ಲಿ ಹಳಬರು ಕಡಮೆಯಾಗುತ್ತಿದ್ದಾರೆ. ದೂರದ ಅಸ್ಸಾಮಿನಿಂದಲೂ ಬಂಗಾಳದಿಂದಲೂ ಬರುವ ಹೊಸ ಕೆಲಸಗಾರರಿಗೆ ಮೇಸ್ತ್ರಿಗಳು ‘ಒಂದನೇ ಬ್ಲಾಕು’, ‘ಎರಡನೇ ಬ್ಲಾಕು’ ಎಂದು ಹೇಳತೊಡಗಿದ್ದಾರೆ. ಆದುದರಿಂದ ತೋಟದ ಯಜಮಾನರಲ್ಲಿಯೂ ರೈಟರುಗಳಲ್ಲಿಯೂ, ಮೂಡಿಗೆರೆ ಕಳಸಗಳ ಶಾಲೆಗಳ ಉಪಾಧ್ಯಾಯರಲ್ಲಿಯೂ ನನ್ನದೊಂದು ಬಿನ್ನಹ. ಎಸ್ಟೇಟಿನ ನಕ್ಷೆಯೊಂದನ್ನು ಮುಂದಿಟ್ಟುಕೊಂಡು, ಲೈನಿನ ಹಿರಿಯರನ್ನು ಕೂಡಿಸಿ, ಯಾವ ತಾಕಿಗೆ ಯಾವ ಹೆಸರೆಂದು ಅವರ ಬಾಯಿಂದಲೇ ಕೇಳಿ, ಕನ್ನಡದ ಅಕ್ಷರದಲ್ಲಿ ಆ ನಕ್ಷೆಯ ಮೇಲೆಯೇ ಬರೆದಿಡಿರಿ. ಹೇಳಿದವರ ಹೆಸರನ್ನೂ ಪಕ್ಕದಲ್ಲಿ ಕಾಣಿಸಿರಿ. ಕುಯ್ಲು ಮುಗಿದು ಹೂಮಳೆಗೆ ಕಾಯುವ ಫೆಬ್ರವರಿ, ಮಾರ್ಚಿ ತಿಂಗಳುಗಳಲ್ಲಿ ಇದಕ್ಕೆ ಬೇಕಾದ ಬಿಡುವು ಎಲ್ಲ ತೋಟಗಳಲ್ಲಿಯೂ ಇರುತ್ತದೆ.